ಬ್ಯಾಂಕಾಕಿನಲ್ಲಿ ಹಿಡಿದ ಸೀಟು

ಇಳಕಲ್ಲಿನ ನೇಕಾರ ಅಮೀನಪ್ಪನಿಗೆ ಬ್ಯಾಂಕಾಕಿಗೆ ಬಂದ ಮರುದಿನವೇ ಆ ಊರು ಪೂರ್ತಿ ತಿಳಿದುಬಿಟ್ಟಿತ್ತು. ಕೈಮಗ್ಗ ಮೇಳದವರು ಕಾರು ಕಳಿಸುತ್ತೇವೆಂದರೆ ಬೇಡವೆಂದ.

"ಬಸ್ಸು ಎಲ್ಲಿದ್ರೂ ಬಸ್ಸ. ಹುನಗುಂದ ಸ್ಟ್ಯಾಂಡಿನ್ಯಾಗ ಸೀಟು ಹಿಡದಾವ್ಗ ಇದ್ಯಾವ ಲೆಕ್ಕ?" ಎಂದು ಸೊಸೆ ಚೇತನಾಳಿಗೆ ಹೇಳಿದ.

ಅವಳು ಗಂಟು ಎತ್ತಿಕೊಂಡು ಅವನ ಹಿಂದೆ ಬಸ್ ಸ್ಟಾಪಿಗೆ ನಡೆದಳು. ಗಂಡ ತೀರಿಕೊಂಡ ಮೇಲೆ ಅವಳು ಜಗಳಕ್ಕೂ ಮಾತು ಖರ್ಚು ಮಾಡುತ್ತಿರಲಿಲ್ಲ.

ಅವಳ ಕೈಯ ಗಂಟಿನಲ್ಲಿ ಒಂದೇ ಸೀರೆ. ಒಡಲು ಗಂಡ ನೇಯ್ದದ್ದು. ಅಲ್ಲಿಗೆ ಅವನ ಆಯುಷ್ಯ ಮುಗಿಯಿತು. ಸೆರಗಿನ ಕೆಂಪು ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿ, ಉಳಿದದ್ದನ್ನು ಅವಳು ನೇಯ್ದಿದ್ದಳು. ಮೇಳಕ್ಕೆ ಬಂದ ಸಾಹುಕಾರನೊಬ್ಬ ಅದನ್ನು ಕೊಳ್ಳುವವನಿದ್ದ. ಮಾವ ಮಾತು ಕೊಟ್ಟಾಗಿತ್ತು. ಸೊಸೆಯನ್ನೊಂದು ಮಾತು ಕೇಳಬೇಕೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಕಿಟಕಿ ತೆರೆದ ಕೆಂಪು ಬಸ್ಸು ಬಂತು. ಒಳಗೊಂದು ಸೀಟು ಖಾಲಿ ಕಂಡದ್ದೇ ತಡ, ಅಮೀನಪ್ಪ ಸೊಸೆಯ ಕೈಯ ಗಂಟು ಕಸಿದು ಕಿಟಕಿಯೊಳಗಿಂದ ಸೀಟಿನ ಮೇಲೆ ಒಗೆದ. ಸೀಟು ಹಿಡಿದ ಮನುಷ್ಯ ಓಡಬಾರದು, ಓಡಿದರೆ ಮರ್ಯಾದೆ ಏನುಳಿಯಿತು? ಧೋತರ ಸರಿಮಾಡಿಕೊಂಡು ಗಂಭೀರವಾಗಿ ಬಾಗಿಲಿನತ್ತ ನಡೆದ. ಸೀಟು ಹಿಡಿದವರಿಗಾಗಿ ಕಾಯುವ ಪದ್ಧತಿಯನ್ನು ಆ ಡ್ರೈವರನಿಗೆ ಯಾರೂ ಕಲಿಸಿರಲಿಲ್ಲ. ಬಸ್ಸು ಹೋಯಿತು.

ಚೇತನಾ ಮಾವನ ಕಡೆ ತಿರುಗಿದಳು.

"ಹೆಗಲ ಮ್ಯಾಲೆ ಟಾವೆಲ್ ಇತ್ತಲ್ರಿ ಮಾವಾರ. ಅದನ್ನ ಒಗೀಬೇಕಿತ್ತು."

"ಹೊಸಾದೈತಿ ಇದು. ಹ್ವಾದ್ರ?"

ಅದೇ ನಂಬರಿನ ಇನ್ನೊಂದು ಬಸ್ಸು ಬಂತು. ಚೇತನಾ ಓಡಿ ಹತ್ತಿದಳು. ಈ ಸಲ ಮಾವನೂ ಮರ್ಯಾದೆ ಬಿಟ್ಟು ಓಡಿದ. ಕಂಡಕ್ಟರ್ ಹೆಂಗಸಿಗೆ ಚೇತನಾ ಕೈಸನ್ನೆಯಲ್ಲಿ ಗಂಟು ತೋರಿಸಿದಳು, ಕಿಟಕಿ ತೋರಿಸಿದಳು, ಕಡೆಗೆ ಮಾವನನ್ನು ತೋರಿಸಿದಳು. ಮಾವನನ್ನು ನೋಡಿದ ಮೇಲೆ ಆಕೆಗೆ ಎಲ್ಲ ಅರ್ಥವಾಯಿತು. ಮುಂದೆ ಹೋದ ಬಸ್ಸಿಗೆ ಫೋನು ಹಚ್ಚಿದಳು.

ಕೊನೆಯ ನಿಲ್ದಾಣದಲ್ಲಿ ಆ ಬಸ್ಸು ನಿಂತಿತ್ತು. ಗಂಟು ಸೀಟಿನ ಮೇಲೇ ಕೂತಿತ್ತು. ಯಾರೋ ಅದಕ್ಕೊಂದು ಟಿಕೇಟನ್ನೂ ಸಿಕ್ಕಿಸಿದ್ದರು.

"ನೋಡಿದಿ? ಗಂಟು ಇಟ್ಟ ಸೀಟಿನ್ಯಾಗ ಇಲ್ಲೂ ಯಾರೂ ಕುಂಡ್ರಂಗಿಲ್ಲ. ಭಾಳ ಶಾಣ್ಯಾ ಮಂದಿ," ಎಂದು ಅಮೀನಪ್ಪ ಆ ದೇಶಕ್ಕೇ ಶಾಭಾಸ್‌ಗಿರಿ ಕೊಟ್ಟ.

ಚೇತನಾ ಗಂಟು ಬಿಚ್ಚಿದಳು. ಒಡಲು ಮತ್ತು ಸೆರಗು ಕೂಡಿದಲ್ಲಿ ಬೆರಳಾಡಿಸಿದಳು. ಒಂದು ಕೊಂಡಿಯೂ ಬಿಟ್ಟಿರಲಿಲ್ಲ. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಸೀಟಿನಲ್ಲೇ ಕೂತಳು.

"ಏಳು, ಸಾಹುಕಾರ ಕಾಯಾಕತ್ತಿರ್ತಾನ."

"ಕಾಯಲಿ. ಇದನ್ನ ನಾ ಕೊಡೂದಿಲ್ರಿ."

"ನಾ ಮಾತು ಕೊಟ್ಟೇನಿ."

"ಮಾತು ನಿಮ್ದು, ಕೊಟ್ರಿ. ಸೀರಿ ನಂದು."

"ಮತ್ತ ಇಷ್ಟು ದೂರ ಯಾತಕ್ಕ ಬಂದೇವಿ?"

"ಸೀಟು ಹಿಡಿಯಾಕ. ಹಿಡದ್ರಿ. ಕುಂಡ್ರ ಬರ್ರಿ."

ಅಮೀನಪ್ಪ ಹೆಗಲ ಟಾವೆಲ್ ಸರಿಮಾಡಿಕೊಂಡ. ಆಮೇಲೆ ಬಂದ. ಬಸ್ಸೆಲ್ಲ ಖಾಲಿಯಿದ್ದರೂ, ಕಿಟಕಿಯ ಪಕ್ಕ ತನಗೆ ಬಿಡು ಎಂದ.