ಮುದುಕಮ್ಮ ಹೇಳಿದ ಸಾಕ್ಷಿ

ಚಟ್ಟ ಹೆಗಲಿಗೇರಿ ನಾಲ್ಕು ಹೆಜ್ಜೆ ನಡೆದಿತ್ತು. ಅಷ್ಟರಲ್ಲಿ ಅಕ್ಕಿ ಗಿರಣಿಯ ಕಡೆಯಿಂದ ಜಂಬಯ್ಯ ಓಡುತ್ತ ಬಂದು ಅಡ್ಡ ನಿಂತ.

"ಇಳಿಸ್ರಿ. ಸ್ವಲ್ಪ ಹೊತ್ತು ಇಳಿಸ್ರಿ."

ಮುಂದಿನ ಬಿದಿರು ಹೊತ್ತಿದ್ದ ತಾಯಪ್ಪ ಅವನ ಮುಖ ನೋಡಿದ. "ತಲಿ ಕೆಟ್ಟೈತೇನಲೇ? ಎತ್ತಿದ ಹೆಣ ಯಾರಾರ ಇಳಿಸ್ತಾರ?"

"ಪ್ರೆಸಿಡೆಂಟ್ರು ಬರ್ತಾರಂತ. ರಜಾ ಕೇಳಾಕ ಹೋಗಿದ್ದೆ. 'ನಿಮ್ಮತ್ತಿ ಹೋದಳೇನು? ತಡಿ, ನಾನೂ ಬಂದು ಒಂದು ಮಾಲಿ ಹಾಕ್ತೀನಿ' ಅಂದ್ರು."

ಅಳುತ್ತಿದ್ದ ಹೆಂಗಸರು ಸೆರಗು ಇಳಿಸಿ ನೋಡಿದರು. ಸತ್ತ ಮುದುಕಮ್ಮನ ಒಬ್ಬಳೇ ಮಗಳು, ಜಂಬಯ್ಯನ ಹೆಂಡತಿ ಹುಲುಗಮ್ಮ ಹಿಂದಿನಿಂದ ಮುಂದೆ ಬಂದಳು.

"ಆ ಗಾದಿಲಿಂಗಪ್ಪ ಬರ್ತಾನೇನು?"

"ಧಣಿ ಅನ್ನು. ಜನ ಕೇಳ್ತಾರ."

"ನಮ್ಮವ್ವನ ಮುಂದ ಅವನು ನಿಂದ್ರಬಾರದು."

"ನಾನೇನು ಕರದೆನೇನು? ಬರಬ್ಯಾಡ್ರಿ ಅಂತ ಹ್ಯಾಂಗ ಹೇಳ್ಲಿ? ನಾಳಿ ಮುಂಜಾನಿ ಅವರ ಗಿರಣಿ ಬಾಗಿಲದಾಗ ನಿಲ್ಲಾಂವ ನಾನು."

ಹುಲುಗಮ್ಮ ಗಂಡನನ್ನು ನೋಡಿದಳು, ಹೊಸ್ತಿಲ ಮೇಲೆ ಕೂತಿದ್ದ ತನ್ನ ಮೂರು ಮಕ್ಕಳನ್ನು ನೋಡಿದಳು. ಪಕ್ಕಕ್ಕೆ ಸರಿದಳು. ತಾಯಪ್ಪ ಬಾಯೊಳಗೇ ಏನೋ ಬೈದುಕೊಂಡು ಮಂಡಿ ಬಗ್ಗಿಸಿದ. ಓಣಿಯ ನಡುವೆ, ಬಿಸಿಲಲ್ಲಿ, ಚಟ್ಟವನ್ನು ಇಳಿಸಿದರು.

*

ಒಂಬತ್ತು ವರ್ಷದ ಹಿಂದೆ ಮುದುಕಮ್ಮ ಕಂಪ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಆಯಾ ಆಗಿದ್ದಳು. ಬೆಳಿಗ್ಗೆ ಮನೆಮನೆಯ ಮುಂದೆ ನಿಂತು "ಕಳಿಸ್ರೆವ್ವಾ" ಎಂದು ಕೂಗಿ ಹುಡುಗಿಯರನ್ನು ಕೂಡಿಸಿಕೊಂಡು ಹೋಗುವುದು, ಸಂಜೆ ಅವರವರ ಮನೆ ಮುಟ್ಟಿಸುವುದು, ನಡುವೆ ಹೊಳೆಯಿಂದ ನೀರು ತರುವುದು ಅವಳ ಕೆಲಸ. ಮಳೆಗಾಲದಲ್ಲಿ ಸಣ್ಣವರನ್ನು ಕಂಕುಳಲ್ಲಿ ಎತ್ತಿಕೊಂಡು ಕಾಲುವೆ ದಾಟಿಸುತ್ತಿದ್ದಳು. ಓದು ಬಾರದಿದ್ದರೂ ಬಾಗಿಲಲ್ಲಿ ಕೂತು ಕೇಳಿ ಕೇಳಿ ಏಳರ ಮಗ್ಗಿಯವರೆಗೆ ಬಾಯಿಪಾಠ ಮಾಡಿದ್ದಳು. ಪಾಠ ಹೇಳುವ ನೀಲಗಂಗಮ್ಮ ಸಂಡೂರಿನ ಕಡೆಯ ಎಳೆ ವಿಧವೆ. ಶಾಲೆಯ ಹಿಂದಿನ ಕೋಣೆಯಲ್ಲೇ ಇದ್ದಳು.

ಒಂದು ಸಂಜೆ ಹುಡುಗಿಯರನ್ನು ಮನೆ ಮುಟ್ಟಿಸಿ, ಕೊಡ ಒಯ್ಯಲೆಂದು ಮುದುಕಮ್ಮ ಶಾಲೆಗೆ ತಿರುಗಿ ಬಂದಳು. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಹೊರಗೆ ಶಾಲೆ ನಡೆಸುವ ಪಂಚಾಯ್ತಿ ಬೋರ್ಡಿನ ಪ್ರೆಸಿಡೆಂಟ್ ಗಾದಿಲಿಂಗಪ್ಪನ ಕಾಲ್ಜೋಡುಗಳಿದ್ದವು. ಒಳಗಿನಿಂದ ನೀಲಗಂಗಮ್ಮನ ದನಿ, "ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ." ಮುದುಕಮ್ಮ ಹಿತ್ತಾಳೆ ಕೊಡ ಎತ್ತಿಕೊಂಡು ಬಾಗಿಲಿಗೆ ಬಡಿದಳು. ಬಾಗಿಲು ತೆರೆಯುವತನಕ ಬಡಿದಳು.

ಮೂರು ದಿನ ಊರು ಕುದಿಯಿತು. ಅಂಗಡಿಗಳು ಮುಚ್ಚಿದವು. ಬಟ್ಟೆ ಅಂಗಡಿಯ ಕೊಟ್ರಯ್ಯ ಸಂತೆಕಟ್ಟೆಯ ಮೇಲೆ ನಿಂತು, "ಗಾದಿಲಿಂಗಪ್ಪ ರಾಜೀನಾಮೆ ಕೊಡೋತನಕ ನಾವು ಅಂಗಡಿ ತೆಗೆಯೂದಿಲ್ಲ" ಎಂದ. ಮದ್ರಾಸಿನ ಸರ್ಕಾರಕ್ಕೆ ಹೋದ ಅರ್ಜಿಯಲ್ಲಿ ಇನ್ನೂರು ರುಜು ಇದ್ದವು. ಎಲ್ಲರ ಕೆಳಗೆ ಮುದುಕಮ್ಮನ ಹೆಬ್ಬೆಟ್ಟು.

*

ಬಿಸಿಲು ನೆತ್ತಿಗೆ ಬಂತು. ಬಂದ ಜನ ಸೂರಿನ ನೆರಳು ಹಿಡಿದು ಕೂತರು. ಹುಲುಗಮ್ಮ ಚಟ್ಟದ ಪಕ್ಕದಲ್ಲಿ ಕೂತು ಬೇವಿನ ಟೊಂಗೆಯಿಂದ ನೊಣ ಓಡಿಸುತ್ತಿದ್ದಳು. ಕೊಟ್ರಯ್ಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಅವನಿಗೂ ಈಗ ವಯಸ್ಸಾಗಿತ್ತು.

"ಬರ್ತಾರವ್ವ, ತಡಿ. ದೊಡ್ಡೋರು ಬರೋದು ಸತ್ತೋರಿಗೂ ಮರ್ಯಾದಿ."

"ಯಣ್ಣ, ಅವತ್ತು ವಿಚಾರಣಿ ದಿನ ಬಂಗಲೆದಾಗ ನೀವ್ಯಾಕ ಹಂಗ ಹೇಳಿದ್ರಿ?"

ಕೊಟ್ರಯ್ಯ ಹೆಗಲ ವಸ್ತ್ರದಿಂದ ಬೆವರು ಒರೆಸಿಕೊಂಡ. "ನನಗ ಲಗ್ನಕ್ಕ ಬಂದ ಹೆಣ್ಣುಮಕ್ಕಳಿದ್ರವ್ವ."

"ನಮ್ಮವ್ವಗೂ ನಾನಿದ್ದೆ."

*

ವಿಚಾರಣೆಗೆಂದು ಬಳ್ಳಾರಿಯಿಂದ ಬಂದ ಅಧಿಕಾರಿ ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ಕೂತಿದ್ದ. ನೀಲಗಂಗಮ್ಮನನ್ನು ಅವಳ ಅಣ್ಣ ಅಷ್ಟರೊಳಗೆ ಗಾಡಿ ಕಟ್ಟಿ ಸಂಡೂರಿಗೆ ಕರೆದೊಯ್ದಿದ್ದ. ಗುಮಾಸ್ತ ಅರ್ಜಿಯ ಹೆಸರು ಕೂಗುತ್ತ ಹೋದ. ಕೆಲವರು ಊರಲ್ಲಿರಲಿಲ್ಲ. ಕೆಲವರು ಯಾತರ ಅರ್ಜಿಯೆಂದು ತಿಳಿಯದೆ ರುಜು ಹಾಕಿದ್ದರು. ಕೊಟ್ರಯ್ಯ ಕೈಮುಗಿದು, "ನಾ ಕಂಡಿಲ್ಲರಿ, ಮಂದಿ ಅಂದದ್ದು ಕೇಳಿದೆ" ಎಂದ.

"ನಾ ಕಂಡೀನ್ರಿ. ಬಾಗಿಲ ಬಡದಾಕಿ ನಾನೇ," ಎಂದಳು ಮುದುಕಮ್ಮ.

"ಎಷ್ಟು ಗಂಟೆಯಾಗಿತ್ತು?" ಗುಮಾಸ್ತ ಕೇಳಿದ.

"ಹೊತ್ತು ಮುಣಿಗಿತ್ರಿ."

"ಗಡಿಯಾರ ನೋಡಲು ಬರುತ್ತದೆಯೆ?"

"ಇಲ್ಲರಿ. ಕಣ್ಣು ಕಾಣಿಸ್ತಾವ್ರಿ."

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ, ಅವಳು ಹೇಳಿದ್ದನ್ನು ಬರೆದುಕೊಂಡ.

ಮುಂದಿನ ತಿಂಗಳು ಗಾದಿಲಿಂಗಪ್ಪ ಮೈಗೆ ಹುಷಾರಿಲ್ಲವೆಂದು ರಾಜೀನಾಮೆ ಕೊಟ್ಟ. ಕೊಟ್ರಯ್ಯ ಬಜಾರಿನಲ್ಲಿ ಸಕ್ಕರೆ ಹಂಚಿದ. ಎಂಟು ತಿಂಗಳಿಗೆ ಗಾದಿಲಿಂಗಪ್ಪ ಎದುರಾಳಿಯಿಲ್ಲದೆ ಮತ್ತೆ ಪ್ರೆಸಿಡೆಂಟ್ ಆದ. ಕೊಟ್ರಯ್ಯ ಆಗಲೂ ಸಕ್ಕರೆ ಹಂಚಿದ. ಅದೇ ವಾರ ಮುದುಕಮ್ಮನನ್ನು ಕೆಲಸದಿಂದ ಬಿಡಿಸಿದರು.

ಅವಳು ಹತ್ತಿರದ ಮೆಟ್ರಿ ಊರಿನ ಗದ್ದೆಗಳಿಗೆ ನಾಟಿಗೆ ಹೋದಳು. ಮುಂಜಾನೆ ಓಣಿಯಲ್ಲಿ ಹೋಗುವಾಗ ಹುಡುಗಿಯರು ಕೂಗಿ ಕರೆಯುತ್ತಿದ್ದರು. ತಾಯಂದಿರು ಅವರನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಬೇರೆಲ್ಲೂ ದುಡಿಮೆ ಸಿಗದೆ ಜಂಬಯ್ಯ ಗಾದಿಲಿಂಗಪ್ಪನ ಗಿರಣಿ ಸೇರಿದ ದಿನ ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದ. "ಇರಲಿ ಬಿಡಪ್ಪ, ಮಕ್ಕಳು ಉಣ್ಣಲಿ" ಎಂದಿದ್ದಳು. ಸಾಯುವತನಕ ಆ ಮಾತು ಮತ್ತೆ ಎತ್ತಲಿಲ್ಲ.

*

ಹೊತ್ತು ಪಡುವಣಕ್ಕೆ ವಾಲಿದ ಮೇಲೆ ಮೋಟಾರು ಬಂತು. ನೆರಳಲ್ಲಿದ್ದವರೆಲ್ಲ ಎದ್ದು ನಿಂತರು. ಗಾದಿಲಿಂಗಪ್ಪ ಇಳಿದ, ಯಾರೋ ಅವನ ತಲೆಯ ಮೇಲೆ ಕೊಡೆ ಹಿಡಿದರು.

ಹುಲುಗಮ್ಮ ಎದ್ದಳು. ಕಾಯುತ್ತ ಕೂತ ಅಷ್ಟು ಹೊತ್ತೂ ಅವಳು ಮಾತುಗಳನ್ನು ಒಟ್ಟು ಮಾಡಿಕೊಂಡಿದ್ದಳು. ಅವನು ಅವ್ವನ ಮುಖ ಕಂಡು ನಾಚಿದರೆ ಒಂದು ಮಾತು, ಒಳಗೊಳಗೇ ನಕ್ಕರೆ ಇನ್ನೊಂದು.

ಗಾದಿಲಿಂಗಪ್ಪ ಹೆಣವನ್ನು ನೋಡಿ ಕೈಮುಗಿದ. ಜಂಬಯ್ಯನತ್ತ ತಿರುಗಿ ಮೆಲ್ಲಗೆ ಕೇಳಿದ, "ಏನು ಹೆಸರು ಈಕೀದು?"

"ಮುದುಕಮ್ಮ, ಧಣಿ."

"ಏನು ಮಾಡ್ತಿದ್ಳು?"

ಜಂಬಯ್ಯ ಹೆಂಡತಿಯ ಕಡೆ ನೋಡದೆ ಹೇಳಿದ, "ನಾಟಿ ಕೆಲಸ, ಧಣಿ."

"ಶಾಲಿಯಾಗ ಆಯಾ ಇದ್ಳು," ಎಂದಳು ಹುಲುಗಮ್ಮ. "ಹೆಣ್ಣುಮಕ್ಕಳ ಶಾಲಿಯಾಗ."

ಅವನು ಅವಳನ್ನು ನೋಡಿದ. ಆ ಕಣ್ಣುಗಳಲ್ಲಿ ಗುರುತು ಏನೂ ಇರಲಿಲ್ಲ. "ಹೌದೇನು? ಪಾಪ, ದುಡಿದ ಜೀವ," ಎಂದು ಮಾಲೆ ಹಾಕಿ ಮೋಟಾರು ಹತ್ತಿದ.

ಹುಲುಗಮ್ಮನ ಮಾತುಗಳಿಗೆ ಹೋಗಲು ಜಾಗವಿರಲಿಲ್ಲ. ಅವಳು ಬಗ್ಗಿ ಅವ್ವನ ಹಣೆಗೆ ಹಚ್ಚಿದ್ದ ಭಂಡಾರದ ಅರಿಸಿನ ಸರಿಮಾಡಿದಳು.

"ಏಳ್ರಿ, ಹೊತ್ತಾತು," ಎಂದ ತಾಯಪ್ಪ. ನಾಲ್ವರು ಮತ್ತೆ ಹೆಗಲು ಕೊಟ್ಟರು. ಆದರೆ ಓಣಿ ಕಿರಿದು. ಮೋಟಾರು ತಿರುಗಲಾರದೆ ಹಿಂದುಹಿಂದಕ್ಕೆ ಬರತೊಡಗಿತು. ಹೊತ್ತವರು ಗೋಡೆಗೆ ಬೆನ್ನು ಒತ್ತಿ ನಿಂತರು. ಧೂಳೆದ್ದಿತು. ಹುಲುಗಮ್ಮ ತುದಿಗಾಲಲ್ಲಿ ನಿಗುರಿ ಅವ್ವನ ಮುಖಕ್ಕೆ ಸೆರಗು ಅಡ್ಡ ಹಿಡಿದಳು. ಕೊಟ್ರಯ್ಯ ಮೋಟಾರಿನ ಹಿಂದೆ ನಿಂತು, ಒಂದು ಕೈಯಿಂದ ಹೆಣ ಹೊತ್ತವರನ್ನು ಇನ್ನಷ್ಟು ಗೋಡೆಗೆ ಸರಿಸುತ್ತ, ಇನ್ನೊಂದು ಕೈ ಬೀಸುತ್ತಿದ್ದ.

"ಬರ್ಲಿ ಧಣಿ, ಬರ್ಲಿ. ಜಾಗ ಐತಿ, ಬರ್ಲಿ."