ಶಂಕ್ರಪ್ಪ ಒಳಗೆ ಕೂತ ದಿನ

ಗಂಡನ ಹೆಣ ಕೂಡಿಸಿದ್ದ ಕುರ್ಚಿಯ ಒಂದು ತೋಳನ್ನು ಶಾರದವ್ವ ಅಂಗಳದತ್ತ ಎಳೆಯುತ್ತಿದ್ದಳು. ಇನ್ನೊಂದನ್ನು ಮೈದುನ ಚನ್ನಬಸವ ಪಡಸಾಲೆಯತ್ತ ಜಗ್ಗುತ್ತಿದ್ದ. ಹೊಸ್ತಿಲ ಮೇಲೆ ಸಿಕ್ಕಿಕೊಂಡ ಶಂಕ್ರಪ್ಪ ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು, ಎರಡೂ ಕಡೆಯವರ ಮಾತು ಕೇಳುವ ಪಂಚನ ಹಾಗೆ ಕೂತಿದ್ದ.

"ಹೊರಗ ಕುಂಡ್ರಸೋ. ಅವರು ಹಂಚಿನ ಕೆಳಗ ಕುಂತು ಮೂವತ್ತು ವರ್ಸದ ಮ್ಯಾಲಾತು."

"ವೈನಿ, ಈಗ ಮನಿ ಬಿದ್ರೂ ಅಣ್ಣಗ ಏನಾಗೂದೈತ್ರಿ? ಬನವಾಸ್ಯಾಗ ಯಾರರ ಹೆಣಾ ಹೊರಗ ಕುಂಡ್ರಸ್ಯಾರೇನು? ಮಂದಿ ಏನಂದಾರು!"

ಮಂದಿಯ ಮಾತು ಬಂದಮೇಲೆ ಶಾರದವ್ವನ ಕೈ ಸಡಿಲಾಯಿತು. ಕುರ್ಚಿ ಪಡಸಾಲೆಯ ಕಿಟಕಿ ಪಕ್ಕ ಹೋಗಿ ನಿಂತಿತು. ಊಟಕ್ಕೂ ಕಟ್ಟೆ ಬಿಟ್ಟು ಏಳದ, ಬಿದ್ದರೂ ತಲೆ ಒಡೆಯದ ಹುಲ್ಲಿನ ಚಪ್ಪರ ಹಾಕಿಕೊಂಡು ಅಂಗಳದಲ್ಲೇ ಮಲಗುತ್ತಿದ್ದ ಗಂಡಸನ್ನು ಕೊನೆಗೂ ಮೋಸ ಮಾಡಿ ಒಳಗೆ ತಂದಂತೆ ಅವಳಿಗೆ ಸಂಕಟವಾಯಿತು.

ಅಯ್ಯನವರು ಬರುವವರೆಗೆ ಕೂತವರಿಗೆ ಮಾತು ಬೇಕಲ್ಲ. ಊರಿಗೆಲ್ಲ ಅವನು ಕಂಪದ ಶಂಕ್ರಪ್ಪ. ತೊಂಬತ್ತಮೂರರಲ್ಲಿ ಅನಾನಸ್ ಲಾರಿಯ ಜೊತೆ ಲಾತೂರಿನ ಕಡೆ ಹೋಗಿ, ಭೂಕಂಪಕ್ಕೆ ಸಿಕ್ಕಿ, ಬದುಕಿ ಬಂದವನು.

"ಕಲ್ಲಿನ ರಾಶ್ಯಾಗಿಂದ ಇವರೊಬ್ರ ಐದು ಮಂದೀನ ಎಳದು ತಗದ್ರಂತ," ನೆರೆಮನೆಯ ಕಲ್ಲವ್ವ ಕಣ್ಣೊರೆಸಿಕೊಂಡಳು.

"ಐದಲ್ಲಬೇ, ಹನ್ನೊಂದು. ಒಂದು ಎಮ್ಮಿ ಬ್ಯಾರೆ," ಚನ್ನಬಸವ ತಿದ್ದಿದ.

"ನಮ್ಮ ಕಟ್ಟೀ ಮ್ಯಾಲ ಹೇಳಿದಾಗ ಐದೇ ಇತ್ತಪ್ಪ."

"ಅದು ಹಳೇದು. ಆಮ್ಯಾಲ ಇನ್ನೂ ಒಂದಿಷ್ಟು ಮಂದಿ ನೆನಪಾಗ್ಯಾರ."

ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ಶಾರದವ್ವ ನಗಲಿಲ್ಲ. ನಿಜ ಅವಳೊಬ್ಬಳಿಗೇ ಗೊತ್ತಿತ್ತು.

*

ಲಾತೂರಿನಿಂದ ಊರಿಗೆ ಬಂದ ಮೂರನೆಯ ದಿನ, ಬಾವಿಕಟ್ಟೆಯ ಮೇಲೆ ಕೂತು ಶಂಕ್ರಪ್ಪ ಹೆಂಡತಿಗೆ ಹೇಳಿದ್ದ. ಹಣ್ಣಿನ ವ್ಯಾಪಾರಿಯೊಬ್ಬನ ಮನೆಯಲ್ಲಿ ಆ ರಾತ್ರಿ ಮಲಗಿದ್ದನಂತೆ. ತಗಣಿ ಕಾಟ ತಾಳಲಾರದೆ ಹೊರಗೆ ಬಂದು ಲಾರಿ ಹತ್ತಿ ಮಲಗಿದ. ಬೆಳಗಿನ ಜಾವ ನೆಲದೊಳಗೆ ಯಾರೋ ದೊಡ್ಡ ಬೀಸುಕಲ್ಲು ತಿರುವಿದಂತೆ ಸದ್ದಾಯಿತು. ಧೂಳು ಇಳಿದಾಗ ಮನೆ ಇರಲಿಲ್ಲ, ಓಣಿಯೂ ಇರಲಿಲ್ಲ.

"ಯಾರನ್ನೂ ಎಳೀಲಿಲ್ಲ ಶಾರದಾ. ಲಾರಿ ಕೆಳಗ ಹೊಕ್ಕು ಮುದುಡಿ ಕುಂತಿದ್ದೆ. ಬೆಳಕು ಹರದ ಮ್ಯಾಲ ಒಬ್ಬಾಕಿ ಮುದುಕಿ ಬಂದ್ಲು, ಮೈಯೆಲ್ಲ ಮಣ್ಣು. ಬಗ್ಗಿ ನೋಡಿ, 'ಬಾಹೇರ್ ಯೇ ಬಾಳಾ', ಹೊರಗ ಬಾರೋ ಕೂಸ ಅಂತ ಆಕೀನ ಕೈ ಹಿಡದು ನನ್ನ ಹೊರಗ ಎಳದ್ಲು. ಆಕೀ ಮನ್ಯಾಗ ಆಕಿ ಒಬ್ಬಾಕೀನ ಉಳದಿದ್ಲು."

"ಮುಂದ?"

"ಮುಂದೇನು. ಕುಡ್ಯಾಕ ನೀರಿರಲಿಲ್ಲ. ಬಂದೋರಿಗೆಲ್ಲ ಅನಾನಸ್ ಹೆಚ್ಚಿ ಕೊಟ್ಟೆ. ಎರಡು ದಿನ. ಲಾರಿ ಖಾಲಿ ಆತು, ನನ್ನ ಕೈ ಸುಲದು ಹೋತು."

"ಅದನ್ನ ಹೇಳ್ರಿ ಮಂದಿಗೆ."

"ಅನಾನಸ್ ಹೆಚ್ಚಿದ್ದನ್ನ ಯಾರರ ಹೇಳ್ಕೋತಾರೇನ?" ಎಂದು ಶಂಕ್ರಪ್ಪ ಬಾವಿಯೊಳಗೆ ನೋಡುತ್ತ ಕೂತಿದ್ದ. ಆ ದಿನವೇ ಅವನ ಹಾಸಿಗೆ ಅಂಗಳಕ್ಕೆ ಹೋದದ್ದು.

*

ಅಯ್ಯನವರು ಬಂದು ಮಂತ್ರ ಶುರುಮಾಡಿ ಅರ್ಧ ಆಗಿರಬೇಕು, ಅಡುಗೆಮನೆಯ ಲೋಟಗಳು ಕಿಣಿಕಿಣಿ ಅಂದವು. ಕಿಟಕಿಯ ಸರಳು ನಡುಗಿತು. ಕೂತವರ ಅಂಡಿನ ಕೆಳಗೆ ನೆಲ ಗುಂಯ್ಗುಟ್ಟಿತು.

"ಯಪ್ಪಾ, ಕಂಪ!" ಕಲ್ಲವ್ವ ಚೀರಿದಳು.

ಎಲ್ಲರಿಗಿಂತ ಮುಂದೆ ಚನ್ನಬಸವ. ಎಪ್ಪತ್ತು ದಾಟಿದ ಅಯ್ಯನವರು ವಿಭೂತಿ ಗಟ್ಟಿ ಹಿಡಿದೇ ಹೊಸ್ತಿಲು ಜಿಗಿದರು. ಕ್ಷಣದಲ್ಲಿ ಪಡಸಾಲೆ ಬರಿದು. ಶಾರದವ್ವನೂ ಎದ್ದಿದ್ದಳು, ಅಷ್ಟರಲ್ಲಿ ಕುರ್ಚಿ ವಾಲಿತು. ಅವಳು ಓಡುವುದು ಬಿಟ್ಟು ಹೆಗಲು ಕೊಟ್ಟು ನಿಂತಳು.

"ರೋಲರ್ರೀ ವೈನಿ! ರೋಡ್ ಮಾಡೋರದು, ಬರೇ ರೋಲರ್!" ರಸ್ತೆಯ ಆಚೆ ದಂಡೆಯಿಂದ ಚನ್ನಬಸವನ ದನಿ.

"ಹಂಗಾರ ಒಳಗ ಬಾ."

ಯಾರೂ ಅಲುಗಲಿಲ್ಲ. ರೋಲರು ಮನೆಯೆದುರು ಹಿಂದೆಮುಂದೆ ಓಡಾಡುತ್ತಿತ್ತು. ಹಂಚೊಂದು ಜಾರಿ, ಚನ್ನಬಸವ ಆಗಷ್ಟೇ ಕೂತಿದ್ದ ಜಾಗದಲ್ಲೇ ಬಿದ್ದು ಚೂರಾಯಿತು. ಅವನು ಬಾಗಿಲವರೆಗೆ ಬಂದು ಹಂಚು ನೋಡಿದ, ಅಣ್ಣನನ್ನು ನೋಡಿದ.

"ನೀವು ಹೇಳಿದ್ದ ಖರೆ ವೈನಿ. ಅಣ್ಣನ್ನ ಹೊರಗ ತಂದ್ಬಿಡ್ರಿ."

"ಒಬ್ಬಾಕಿ ಹೆಂಗ ತರ್ಲೋ? ನೀ ಬಂದು ಎತ್ತು."

ಚನ್ನಬಸವನ ಒಂದು ಕಾಲು ಹೊಸ್ತಿಲು ದಾಟಿತು, ಮತ್ತೆ ಹಿಂದೆ ಹೋಯಿತು.

ಶಾರದವ್ವ ಗಂಡನ ಮುಖ ನೋಡಿದಳು. "ನೋಡ್ರಿ, ಎಲ್ಲಾರೂ ಓಡಿದ್ರು. ನೀವೊಬ್ರ ಕುಂತ್ರಿ," ಎಂದು ಅವನಿಗಷ್ಟೇ ಕೇಳುವಂತೆ ಹೇಳಿದಳು. ನಗು ಬಂತು. ಸೆರಗು ಬಾಯಿಗಿಟ್ಟುಕೊಂಡಳು, ನಗು ಹೋಗಿ, ಬೆಳಗಿನಿಂದ ಬಾರದಿದ್ದ ಅಳು ಬಂತು. ಅತ್ತು ಮುಗಿಸಿ ಗಟ್ಟಿಯಾಗಿ ಅಂದಳು:

"ಇರ್ಲಿ ಬಿಡು. ನಾವಿಬ್ರೂ ಇಲ್ಲೇ ಇರ್ತೀವಿ."

ಅಯ್ಯನವರು ಕಿಟಕಿಯ ಹೊರಗೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು ಮಂತ್ರವನ್ನು ಬಿಟ್ಟಲ್ಲಿಂದ ಹಿಡಿದರು. ಅವರ ಬೆನ್ನಿಗೆ ಊರು ಬಿಸಿಲಲ್ಲಿ ಕೈಮುಗಿದು ನಿಂತಿತು. ವಿಭೂತಿ ಹಚ್ಚುವ ಹೊತ್ತಿಗೆ ಅವರು ಸರಳುಗಳ ನಡುವೆ ತೋಳು ತೂರಿದರು. ಬೆರಳು ಹಣೆಗೆ ಎಟಕಲು ಒಂದು ಗೇಣು ಕಡಿಮೆಬಿತ್ತು. ಶಾರದವ್ವ ಒಂದು ಕೈಯಿಂದ ಕುರ್ಚಿ ವಾಲಿಸಿ, ಇನ್ನೊಂದರಿಂದ ಗಂಡನ ಗಲ್ಲ ಹಿಡಿದು, ಅವನ ಹಣೆಯನ್ನು ಮೆಲ್ಲಗೆ ಆ ಬೆರಳುಗಳತ್ತ ಒಯ್ದಳು.