ಉಪ್ಪು ಕರಗದ ಪೆಟ್ಟಿಗೆ

"ಪೆಟ್ಟಿಗೆಗೆ ತೂತು ಕೊರೆದ್ಕೊಡು ಅಪ್ಪ," ಎಂದು ಮಗಳು ಬೈರಿಗೆಯನ್ನು ತಂದು ಅವನ ಮುಂದಿಟ್ಟಳು.

ದೋಣಿ ಮೇಸ್ತ್ರಿ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅಳಿಯ ತೀರಿಕೊಂಡ ಮೇಲೆ ಅವನು ಉಳಿ, ಸುತ್ತಿಗೆ ಮುಟ್ಟಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ಕೂತಿರುವುದೇ ಕೆಲಸವಾಗಿತ್ತು. ಎದುರಿಗೆ ದಿಮ್ಮಿಗಳ ಮೇಲೆ ಏರಿಸಿಟ್ಟಿದ್ದ ದೋಣಿಯನ್ನು ಕಟ್ಟಿದವನು ಅವನೇ. ಅದರ ಹಿಂಭಾಗದಲ್ಲಿ, ಎಂಜಿನ್ನಿನ ಮಗ್ಗುಲಿಗೆ ಇದ್ದ ಮುಚ್ಚಳದ ಪೆಟ್ಟಿಗೆಯೂ ಅವನ ಕೈಯದೇ. ಅಳಿಯನೊಂದಿಗೆ ಸುಟ್ಟುಹೋದ ದೋಣಿಯಲ್ಲೂ ಇಂಥದೇ ಪೆಟ್ಟಿಗೆ ಇತ್ತು.

ಆ ಪೆಟ್ಟಿಗೆಗೆ ದಡದಲ್ಲಿ ಎಂಥ ಹೆಸರಿತ್ತು ಅಂತೀರಿ! ಹೊಸ ಪೆಟ್ಟಿಗೆ ಕೂರಿಸಿದ ದಿನ ಅದರೊಳಗೆ ಕಾಗದದ ಮೇಲೆ ಒಂದು ಹಿಡಿ ಉಪ್ಪು ಇಡುವುದು, ಮುಚ್ಚಳ ಹಾಕಿ ನಾಲ್ಕು ಜನ ಸೇರಿ ಬಕೆಟ್‌ಗಟ್ಟಲೆ ನೀರು ಸುರಿಯುವುದು. ಉಪ್ಪು ಒದ್ದೆಯಾಯಿತೋ, ಮೇಸ್ತ್ರಿಯ ಮಾನ ಮೂರು ಕಾಸಿಗೆ ಹರಾಜು. ಇವನ ಉಪ್ಪು ಒಂದು ಸಲವೂ ಕರಗಿದ್ದಿಲ್ಲ. ದೋಣಿಯ ಸಾಮಾನಿಗೆ ನೀರೇ ಶತ್ರು ಎಂದು ನಂಬಿದ್ದವನು, ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಆ ಒಂದೇ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡಿಸುತ್ತಿದ್ದ. ಅಳಿಯ ಅದರ ಮೇಲೆ ಬೆರಳಿನಿಂದ ಕುಟ್ಟಿ, "ಮಾವ, ಇದರೊಳಗೆ ಇರುವೆ ಹೊಕ್ರೂ ಉಸಿರುಕಟ್ಟಿ ಸಾಯ್ಬೇಕು ನೋಡಿ," ಎಂದು ರೇಗಿಸುತ್ತಿದ್ದ. ಮೇಸ್ತ್ರಿ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ.

ಟ್ಯಾಂಕಿನ ಪೈಪು ಕೂಡುವಲ್ಲಿ ಪೆಟ್ರೋಲ್ ಸ್ವಲ್ಪ ಜಿನುಗಿತ್ತು, ಅಷ್ಟೇ. ಅಲೆಗಳ ಕುಲುಕಾಟಕ್ಕೆ ಬ್ಯಾಟರಿಯ ತಂತಿ ಸಡಿಲಾಗಿತ್ತು. ಬೆಳಗಿನ ಮೊದಲ ಸವಾರಿಗೆ ಜನ ಹತ್ತುವ ಮುಂಚೆ ಅಳಿಯ ಕೀಲಿ ತಿರುಗಿಸಿದ. ತಂತಿಯಲ್ಲಿ ಕಿಡಿ ಹಾರಿತು, ಪೆಟ್ಟಿಗೆ ಸಿಡಿಯಿತು. ಪುಣ್ಯಕ್ಕೆ ದೋಣಿಯಲ್ಲಿ ಯಾರೂ ಇರಲಿಲ್ಲ ಎಂದರು ನೋಡಿದವರು. ಯಾರೂ ಇರಲಿಲ್ಲವೇ? ಅಳಿಯ ಇದ್ದನಲ್ಲ!

ಸುಟ್ಟ ದೋಣಿಯನ್ನು ನೋಡಲು ಬಂದಿದ್ದ ಮೆಕ್ಯಾನಿಕ್ ಮಗಳ ಎದುರಿಗೇ ಹೇಳಿದ್ದ: "ಪೆಟ್ರೋಲ್ ಆವಿ ಗಾಳಿಗಿಂತ ಭಾರ ಯಜಮಾನ್ರೇ. ತಳದಲ್ಲೇ ತುಂಬ್ಕೊಂಡಿರುತ್ತೆ. ಒಂದು ಸಂದಿ ಇದ್ದಿದ್ರೂ ಹೊರಗೆ ಹೋಗ್ತಿತ್ತು." ಅಂದಿನಿಂದ ಮೇಸ್ತ್ರಿ, ಮಗಳು ಬಾಯಿಬಿಡುವುದನ್ನೇ ಕಾಯುತ್ತಿದ್ದ. ಅವಳು ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಅವನ ಸಂಕಟ ಅರ್ಧವಾದರೂ ಇಳಿಯುತ್ತಿತ್ತು.

"ನೀನು ದೋಣಿ ಓಡಿಸೋದು ಬೇಡ ಮಗಳೇ," ಎಂದ.

"ಮತ್ತೆ ಇನ್ಯಾರು ಓಡಿಸ್ತಾರೆ? ಹೊಟ್ಟೆ ಕೇಳುತ್ತಾ?"

"ಹಾಗಾದ್ರೆ ನಾನು ಕಟ್ಟಿದ್ದು ಬೇಡ. ಬೇರೆಯವರದ್ದು ತಗೋ. ನಿನ್ನ ಗಂಡನ್ನ ನಾನೇ..."

"ಗೊತ್ತು," ಎಂದಳು ಮಗಳು.

ಕಾದಿದ್ದ ಮಾತು ಬಂದಾಗ ಮೇಸ್ತ್ರಿಗೆ ತಡೆದುಕೊಳ್ಳಲು ಆಗಲಿಲ್ಲ. ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಮಲಗಿದ್ರೆ ನಿನ್ನ ಮೇಲೆ ಕೆಂಡದಂಥ ಸಿಟ್ಟು ಬರುತ್ತೆ. ಎದ್ರೆ, ಅಪ್ಪ ಉಂಡ್ನೋ ಇಲ್ವೋ ಅನ್ನೋ ಯೋಚನೆ. ಏನು ಮಾಡ್ಲಿ ಹೇಳು? ನಂಗೆ ನಿನ್ನ ಬಿಟ್ರೆ ಬೇರೆ ಮೇಸ್ತ್ರಿ ಗೊತ್ತಿಲ್ಲ. ಏಳು."

ಎದ್ದ. ಮೊದಲು ಬ್ಯಾಟರಿಯನ್ನು ಹೊರತೆಗೆದು ಮುಂಭಾಗಕ್ಕೆ ಹೊತ್ತೊಯ್ದು, ಮುಂದಿನ ಹಲಗೆಯ ಕೆಳಗೆ ಗಾಳಿಯಾಡುವಲ್ಲಿ ಕೂರಿಸಿ ಪಟ್ಟಿ ಬಿಗಿದ. ದಪ್ಪ ತಂತಿಯನ್ನು ಪಕ್ಕದುದ್ದಕ್ಕೂ ಎಳೆದು, ಅಲುಗದಂತೆ ಅಲ್ಲಲ್ಲಿ ಕ್ಲಿಪ್ಪು ಹೊಡೆದ. ತುದಿಗಳಿಗೆ ರಬ್ಬರಿನ ಟೋಪಿ ಹಾಕಿದ. "ಬೆಂಕೀನೂ ಬೆಣ್ಣೇನೂ ಒಂದೇ ಕಪಾಟಲ್ಲಿ ಇಟ್ಟಿದ್ದೆ, ಮುಟ್ಠಾಳ," ಎಂದು ಗೊಣಗಿದ. ಮಗಳು ಬೈರಿಗೆಯನ್ನು ಅವನ ಕೈಗಿತ್ತಳು.

ಜನ್ಮವಿಡೀ ಸಂದಿ ಮುಚ್ಚಿದ ಕೈ ಅದು. ಮೊನೆಯನ್ನು ಪೆಟ್ಟಿಗೆಯ ನಡುಮಧ್ಯಕ್ಕೆ ಒತ್ತಿದ.

"ಇನ್ನೂ ಕೆಳಗೆ ಅಪ್ಪ. ತಳದ ಹತ್ತಿರ."

ಒಂದು ತೂತು ಬಿತ್ತು. ಆಮೇಲೆ ಸಾಲಾಗಿ ಆ ಕಡೆ, ಈ ಕಡೆ. ಮುಚ್ಚಿದ ಪೆಟ್ಟಿಗೆಯೊಳಗೆ ಬೆಳಕಿನ ಚುಕ್ಕೆಗಳು ಬಿದ್ದವು. ಮೇಸ್ತ್ರಿ ಉದುರಿದ ಹೊಟ್ಟನ್ನು ಅಂಗೈಯಲ್ಲಿ ಬಳಿದು ಹೊರಗೆ ಚೆಲ್ಲಿದ.

ದೋಣಿ ನೀರಿಗಿಳಿಸಿದಾಗ "ನಾನೂ ಬರ್ತೀನಿ," ಎಂದು ಹಟಮಾಡಿ ಹತ್ತಿದ. ಮಗಳು ಮುಚ್ಚಳ ತೆರೆದು, ಬಗ್ಗಿ ಮೂಸಿ ನೋಡಿದಳು. ಸ್ವಲ್ಪ ಹೊತ್ತು ಹಾಗೇ ತೆರೆದಿಟ್ಟು ಕಾದಳು. ಆಮೇಲೆ ಕೀಲಿಗೆ ಕೈ ಹಾಕಿದಳು. ಮೇಸ್ತ್ರಿ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಹಲಗೆಯನ್ನು ಬಿಗಿಯಾಗಿ ಹಿಡಿದ. ಎಂಜಿನ್ ಕೆಮ್ಮಿತು, ಚಾಲೂ ಆಯಿತು, ದೋಣಿ ಹೊರಟಿತು.

ನಡುನೀರಿನಲ್ಲಿ ಗಾಳಿ ಜೋರಿತ್ತು. ಅಲೆಯೊಂದು ಹಿಂಬದಿಗೆ ಬಡಿದು ಇಬ್ಬರನ್ನೂ ತೋಯಿಸಿತು. ದಡಕ್ಕೆ ಬಂದ ಮೇಲೆ ಮಗಳು ಪೆಟ್ಟಿಗೆ ತೆರೆದು ಒಳಗೆ ಕೈಯಾಡಿಸಿದಳು. ಒದ್ದೆಯಾದ ಬೆರಳುಗಳನ್ನು ಅವನಿಗೆ ತೋರಿಸಿದಳು.

"ನೀರು ಬಂದಿದೆ ಅಪ್ಪ. ಉಪ್ಪು ಇಟ್ಟಿದ್ರೆ ಕರಗಿರೋದು."

"ಕರಗ್ಲಿ ಬಿಡು," ಎಂದ ಮೇಸ್ತ್ರಿ.

ಹೆಗಲ ಮೇಲಿನ ಟವೆಲು ತೆಗೆದು, ಮಂಡಿಯೂರಿ, ಪೆಟ್ಟಿಗೆಯ ತಳದ ನೀರನ್ನು ಅದರಲ್ಲಿ ಹೀರಿಸಿ ಹೊರಗೆ ಹಿಂಡಿದ. ಮತ್ತೆ ಒಳಗೆ ಹಾಕಿ ಒರೆಸಿದ, ಮತ್ತೆ ಹಿಂಡಿದ.